ಮರೆವಿಗೆ ಟಾನಿಕ್ ತರುವ ಮುನ್ನ

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಹಿರಿಯ ಸದಸ್ಯರ ಸನ್ಮಾನ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಡಾಕ್ಟರಲ್ಲ, ಎಸ್ಸೆಸ್ಸೆಲ್ಸಿ ಮುಗಿಸಿ ಹಸು ಕಟ್ಟಿದವರು. ಆದರೂ ಮನೆಯಲ್ಲಿ ಅನುಭವಿಸಿದ್ದೊಂದನ್ನು ತಮ್ಮ ಮುಂದೆ ಇಡಲು ನಿಂತಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮವ್ವನಿಗೆ ಮರೆವು ಶುರುವಾಯಿತು. ಒಲೆ ಮೇಲೆ ಪಾತ್ರೆ ಇಟ್ಟು ಮರೆಯುವರು, ಕೇಳಿದ್ದನ್ನೇ ಮತ್ತೆ ಕೇಳುವರು. ವಯಸ್ಸಾಯ್ತು, ಅರಳುಮರುಳು ಅಂದುಕೊಂಡೆವು. ಪೇಟೆಯಿಂದ ಜ್ಞಾಪಕಶಕ್ತಿಯ ಟಾನಿಕ್ ತಂದೆವು. ಮೂರು ಬಾಟಲಿಗೆ ಒಂದು ಬಟವಾಡೆ ಪೂರಾ ಹೋಯಿತು, ಮರೆವು ಹೋಗಲಿಲ್ಲ. ಮೇಲಾಗಿ ಕಾಲು ಜೋಮು ಹಿಡಿದು ತೂರಾಡತೊಡಗಿದರು. ಆಗ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಬಿ12 ಎಂಬ ಜೀವಸತ್ವ ಬಹಳ ಕಡಿಮೆ ಇದೆ ಎಂದರು. "ಹಾಲು, ಮೊಸರು ಕೊಡ್ತೀರಾ?" ಎಂದು ಕೇಳಿದರು.

ನಾವು ತಲೆ ತಗ್ಗಿಸಿದೆವು. ಎರಡು ಹೊತ್ತೂ ಹಾಲೆಲ್ಲ ಡೈರಿಗೆ, ಅವ್ವನಿಗೆ ಕರಿಕಾಫಿ, ನೀರುಮಜ್ಜಿಗೆ. "ನಂಗ್ಯಾಕಪ್ಪ ಹಾಲು, ಡೈರಿಗೆ ಹಾಕು, ಸಾಲ ತೀರಲಿ" ಅಂತಿದ್ದರು. ನಾವೂ ಹೂಂ ಅಂದೆವು.

ಇಂಜೆಕ್ಷನ್ ಕೊಡಿಸಿದ ಮೇಲೆ ಕೆಲವು ತಿಂಗಳಲ್ಲಿ ಜೋಮು ಇಳಿಯಿತು, ಮಾತು ಚುರುಕಾಯಿತು. ಹೋದದ್ದೆಲ್ಲ ಮರಳಲಿಲ್ಲ. ಬೇಗ ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತು ಎಂದರು ಡಾಕ್ಟರು.

ಬಂಧುಗಳೇ, ಬಿ12 ಸೊಪ್ಪು, ಕಾಳು, ರಾಗಿಯಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಸಿಗುತ್ತದೆ. ದಿನಕ್ಕೆ ಬೇಕಾದ್ದು ಸುಮಾರು ಎರಡೂವರೆ ಮೈಕ್ರೋಗ್ರಾಂ; ದೊಡ್ಡ ಲೋಟ ಹಾಲಿನಲ್ಲಿ ಒಂದು ಮೈಕ್ರೋಗ್ರಾಂನಷ್ಟು ಇರುತ್ತದೆ. ವಯಸ್ಸಾದಂತೆ ಜಠರದ ಆಮ್ಲ ಕಡಿಮೆಯಾಗಿ, ತಿಂದದ್ದರಲ್ಲಿರುವ ಬಿ12 ಮೈಗೆ ಹತ್ತುವುದೂ ಕಡಿಮೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ನುಂಗುವವರಿಗೂ ಇದು ಇಳಿಯಬಹುದು. ಅಂಥವರಿಗೆ ಹಾಲೊಂದೇ ಸಾಲದು, ಮಾತ್ರೆಯೋ ಇಂಜೆಕ್ಷನ್ನೋ ಬೇಕಾಗುತ್ತದೆ. ಆದರೆ ಕೊರತೆ ಇಲ್ಲದವರು ಬಿ12 ನುಂಗಿದರೆ ಜ್ಞಾಪಕ ಹೆಚ್ಚುವುದಿಲ್ಲ.

ಅಂಗಡಿಯಲ್ಲಿ ಗಿಂಕೋ ಎಂಬ ಮರದ ಎಲೆಯ ಮಾತ್ರೆಯೂ ಮಾರುತ್ತಾರೆ. ಅಮೆರಿಕದಲ್ಲಿ 75 ದಾಟಿದ 3,069 ಮಂದಿಯನ್ನು ಸುಮಾರು 6 ವರ್ಷ ಪರೀಕ್ಷಿಸಿ, ಅದು ಮರೆವಿನ ಕಾಯಿಲೆ ತಡೆಯಲಿಲ್ಲವೆಂದು 2008ರಲ್ಲಿ ಪ್ರಕಟಿಸಿದರು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಸೇರಿಸಿ ತಿಂದರೆ ರಕ್ತಸ್ರಾವದ ಭಯವೂ ಉಂಟು. ನಮ್ಮ ಒಂದೆಲಗದ ಚಟ್ನಿ, ತಂಬುಳಿ ಧಾರಾಳವಾಗಿ ಉಣ್ಣಿ. ಆದರೆ ಅದೊಂದನ್ನೇ ನಂಬಿ ಪರೀಕ್ಷೆ ಮುಂದೂಡಬೇಡಿ.

ದೇಶದಲ್ಲಿ 60 ದಾಟಿದ ನೂರು ಜನರಲ್ಲಿ ಸುಮಾರು 7 ಮಂದಿಗೆ ಮರೆವಿನ ಕಾಯಿಲೆ ಇದೆಯೆಂಬ ಅಂದಾಜು 2023ರಲ್ಲಿ ಪ್ರಕಟವಾಗಿದೆ. ಎಲ್ಲಕ್ಕೂ ಮದ್ದಿಲ್ಲ. ಆದರೆ ಬಿ12 ಕೊರತೆ, ಥೈರಾಯ್ಡ್, ಮನಸ್ಸಿನ ಬೇಸರ, ನಿದ್ದೆ ಮಾತ್ರೆಗಳಿಂದ ಬಂದ ಮರೆವಿಗೆ ಉಪಾಯವಿದೆ. ಯಾವುದೆಂದು ತಿಳಿಯಲು ಡಾಕ್ಟರ ಬಳಿ ಹೋಗಬೇಕು, ಟಾನಿಕ್ ಅಂಗಡಿಗಲ್ಲ.

ಕೊನೆಯದಾಗಿ ಒಂದು ಬಿನ್ನಹ. ಇಪ್ಪತ್ತೈದು ವರ್ಷದ ಹಿಂದೆ ತಲೆ ಮೇಲೆ ಹಾಲು ಹೊತ್ತು ತಂದು ಈ ಸಂಘ ಕಟ್ಟಿದವರು ಇಲ್ಲಿ ಕೂತಿರುವ ಹಿರಿಯರು. ನಾಳೆ ಬೆಳಿಗ್ಗೆ ಕ್ಯಾನು ಹೊರಡುವ ಮೊದಲು ಅವರ ಪಾಲಿನ ಒಂದು ಲೋಟ ಹಾಲನ್ನು ಮನೆಯಲ್ಲೇ ತೆಗೆದಿಡಿ. ಅದರಿಂದ ಸಂಘಕ್ಕೇನೂ ನಷ್ಟವಾಗದು.