ಬೀಜಕ್ಕೆ ತಕ್ಕ ಮಳಿಗೆ

(ಬಳಗದ ಬೀಜ ಸಂರಕ್ಷಕರ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದು ನನಗೆ ವಹಿಸಿರುವ ವಿಷಯ ಮೇಲ್ನೋಟಕ್ಕೆ ಸಣ್ಣದು. ಮುಂಬರುವ ಮೇಳಗಳಲ್ಲಿ ನಮ್ಮ ಬಳಗವು ಯಾವ ಬಗೆಯ ಪ್ರದರ್ಶನ ಮಳಿಗೆಯನ್ನು ಆರಿಸಿಕೊಳ್ಳಬೇಕು ಎಂಬುದಷ್ಟೇ ಪ್ರಶ್ನೆ. ಕಾಡು, ನದಿ, ಗಣಿಗಳ ಬಗ್ಗೆ ಚಿಂತಿಸುವ ವೇದಿಕೆಯಲ್ಲಿ ಮೇಜು ಕುರ್ಚಿಗಳ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಬಳಗದ ಸಣ್ಣ ನಿಧಿಯಲ್ಲಿ ದೊಡ್ಡ ಪಾಲು ಮೇಳಗಳ ಬಾಡಿಗೆಗೂ ಸಾಗಾಟಕ್ಕೂ ವ್ಯಯವಾಗುತ್ತಿದೆ. ಅದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ನಮ್ಮ ಕೆಲವು ಭತ್ತದ ತಳಿಗಳು ಇಂದು ಒಂದೊಂದೇ ಮನೆಯ ಗದ್ದೆಯಲ್ಲಿ ಉಳಿದಿವೆ. ಆ ಗದ್ದೆಗೆ ಅಡಿಕೆ ಸಸಿ ಬಂದ ದಿನ ಆ ತಳಿ ಮುಗಿಯಿತು. ಮೇಳವೆಂದರೆ ಅಂಥ ತಳಿಗೆ ಎರಡನೆಯ ಮನೆಯನ್ನು ಹುಡುಕುವ ಅವಕಾಶ. ಮಳಿಗೆಯ ರೂಪ ತಪ್ಪಿದರೆ ಸಾವಿರಾರು ಜನ ಬಂದು ನೋಡಿ ಹೋಗುತ್ತಾರೆ. ಬೀಜ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಸರಕಿಗೆ ತಕ್ಕ ಅಂಗಡಿ

ಈ ವಿದ್ಯೆ ನಮಗೆ ಹೊಸತಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯನ್ನು ನೆನಪಿಸಿಕೊಳ್ಳಿ. ಮಿಠಾಯಿಯ ಅಂಗಡಿ ದಾರಿಗೆ ಮುಖಮಾಡಿ ರಾಶಿ ಹಾಕಿಕೊಂಡಿರುತ್ತದೆ; ಅಲ್ಲಿ ನಿಂತು ಮಾತಾಡುವ ಅಗತ್ಯವಿಲ್ಲ. ಬಳೆಯ ಅಂಗಡಿಯಲ್ಲಾದರೋ ಕೊಳ್ಳುವವಳು ಕುಳಿತುಕೊಳ್ಳಲೇಬೇಕು, ಕೈಯನ್ನು ಬಳೆಗಾರನ ಕೈಗೆ ಕೊಡಲೇಬೇಕು. ಆದ್ದರಿಂದ ಅಂಗಡಿಯೊಳಗೇ ಆಕೆಗೆ ಜಾಗವಿರುತ್ತದೆ. ಸರಕಿನ ಸ್ವಭಾವವೇ ಅಂಗಡಿಯ ರೂಪವನ್ನು ನಿರ್ಧರಿಸುತ್ತದೆ. ಲಾಲ್‌ಬಾಗಿನ ಗಾಜಿನ ಮನೆಯೂ ಇದೇ ತತ್ತ್ವದ ಫಲ. ಲಂಡನ್ನಿನ 1851ರ ಮಹಾಪ್ರದರ್ಶನದ ಸ್ಫಟಿಕ ಭವನದ ಮಾದರಿಯಲ್ಲಿ 1889ರಲ್ಲಿ ಅದಕ್ಕೆ ಅಡಿಗಲ್ಲು ಬಿದ್ದಿತು. ಸಸ್ಯಗಳಿಗೆ ಬೆಳಕು ಬೇಕು, ಆದ್ದರಿಂದ ಕಟ್ಟಡಕ್ಕೆ ಗಾಜು ಬಂದಿತು.

ಹಾಗಾದರೆ ನಮ್ಮ ಸರಕಿನ ಸ್ವಭಾವವೇನು? ನಾವು ಮೇಳಕ್ಕೆ ಒಯ್ಯುವುದು ಮೂರು ಬಗೆ. ಮುರುಗಲು ಪಾನಕ, ಅಪ್ಪೆಮಿಡಿ ಉಪ್ಪಿನಕಾಯಿ, ಜೇನುತುಪ್ಪ, ಹಲಸಿನ ಹಪ್ಪಳ ಮೊದಲಾದವು ಮಾರುವ ವಸ್ತುಗಳು. ತಳಿವೈವಿಧ್ಯದ ಸಂಗ್ರಹ ತೋರಿಸುವ ವಸ್ತು. ಬಿತ್ತನೆ ಬೀಜವು ಮಾರುವುದೂ ಅಲ್ಲ, ತೋರಿಸುವುದೂ ಅಲ್ಲ. ಅದು ಕೊಡುವ ವಸ್ತು. ಕೊಡುವುದಕ್ಕೆ ಮುನ್ನ ಮಾತು ಬೇಕು. ನೆರೆಗುಳಿ ಭತ್ತ ವರದಾ ನದಿಯ ಪಾತ್ರದಲ್ಲಿ ನೆರೆಯ ನೀರನ್ನು ತಡೆದು ನಿಲ್ಲುವ ತಳಿ. ಕಗ್ಗ ಭತ್ತ ಅಘನಾಶಿನಿಯ ಅಳಿವೆಯ ಉಪ್ಪುನೀರಿಗೆ ಹೊಂದಿಕೊಂಡದ್ದು. ಬಯಲುಸೀಮೆಯ ಒಣಭೂಮಿಯ ರೈತನಿಗೆ ಕುತೂಹಲದ ಭರದಲ್ಲಿ ಒಂದು ಹಿಡಿ ಕಗ್ಗವನ್ನು ಕೊಟ್ಟರೆ ಅದು ದಾನವೂ ಅಲ್ಲ, ಸಂರಕ್ಷಣೆಯೂ ಅಲ್ಲ. ನಿಮ್ಮ ನೆಲ ಯಾವುದು, ನೀರು ಎಷ್ಟು ದಿನ ನಿಲ್ಲುತ್ತದೆ, ಕೊಯ್ಲಿನ ಹೊತ್ತಿಗೆ ಮಳೆಯಿದೆಯೆ ಎಂದು ಕೇಳಲು ಐದು ನಿಮಿಷವಾದರೂ ಇಬ್ಬರೂ ಕುಳಿತುಕೊಳ್ಳಬೇಕು. ನಮ್ಮ ಮಳಿಗೆ ಆ ಐದು ನಿಮಿಷಗಳಿಗೆ ಎಡೆಗೊಡಬೇಕು.

ನಾಲ್ಕು ಬಗೆ

ವ್ಯಾಪಾರ ಮೇಳಗಳಲ್ಲಿ ಮಳಿಗೆಗಳನ್ನು ತೆರೆದ ಬದಿಗಳ ಲೆಕ್ಕದಿಂದ ನಾಲ್ಕಾಗಿ ವಿಂಗಡಿಸುತ್ತಾರೆ. ಒಂದೇ ಬದಿ ತೆರೆದದ್ದು ಸಾಲು ಮಳಿಗೆ. ಎರಡು ಬದಿ ತೆರೆದದ್ದು ಮೂಲೆ ಮಳಿಗೆ. ಮೂರು ಬದಿ ತೆರೆದದ್ದು ಸಾಲಿನ ತುದಿಯ ಮಳಿಗೆ. ನಾಲ್ಕೂ ಬದಿ ದಾರಿಯಿರುವುದು ದ್ವೀಪ ಮಳಿಗೆ. ತೆರೆದ ಬದಿ ಹೆಚ್ಚಿದಂತೆ ಬಾಡಿಗೆಯೂ ಸಾಮಾನ್ಯವಾಗಿ ಹೆಚ್ಚುತ್ತದೆ. ಹೆಚ್ಚು ತೆರೆದಿದ್ದರೆ ಹೆಚ್ಚು ಜನ, ಹೆಚ್ಚು ಜನರಿದ್ದರೆ ಹೆಚ್ಚು ಲಾಭ ಎಂಬುದು ವ್ಯಾಪಾರದ ತರ್ಕ.

ಈಗ ನಮ್ಮ ಲೆಕ್ಕವನ್ನು ಮಾಡೋಣ. ರೂಢಿಯ ಮಳಿಗೆ 3 ಮೀಟರ್ ಉದ್ದ, 3 ಮೀಟರ್ ಅಗಲ; ಅಂದರೆ 9 ಚದರ ಮೀಟರ್. ಅದರ ಸುತ್ತಳತೆ 12 ಮೀಟರ್. ಸಾಲು ಮಳಿಗೆಯಲ್ಲಿ 3 ಮೀಟರ್ ತೆರವು, 9 ಮೀಟರ್ ಗೋಡೆ. ಮೂಲೆಯಲ್ಲಿ 6 ಮೀಟರ್ ತೆರವು, 6 ಮೀಟರ್ ಗೋಡೆ. ತುದಿಯಲ್ಲಿ ಗೋಡೆ 3 ಮೀಟರ್ ಮಾತ್ರ. ದ್ವೀಪದಲ್ಲಿ ಗೋಡೆಯೇ ಇಲ್ಲ. ಬೀಜದ ಬಳಗಕ್ಕೆ ಗೋಡೆ ವ್ಯರ್ಥವಲ್ಲ. ಭತ್ತದ ತಳಿಗಳನ್ನು ತಟ್ಟೆಯಲ್ಲಿ ಸುರಿದಿಟ್ಟರೆ ಸಂಜೆಯೊಳಗೆ ನೂರು ಕೈಗಳು ಆಡಿ, ಒಂದರ ಕಾಳು ಇನ್ನೊಂದಕ್ಕೆ ಬಿದ್ದು ಬೆರಕೆಯಾಗುತ್ತದೆ. ತೆನೆಯ ಕಟ್ಟುಗಳನ್ನು ಗೋಡೆಗೆ ತೂಗುಹಾಕಿದರೆ ಬೆರಕೆಯ ಭಯವಿಲ್ಲ. ತೆನೆಯ ಉದ್ದ, ಮುಳ್ಳು, ಸಿಪ್ಪೆಯ ಬಣ್ಣ ಎಲ್ಲವೂ ಕಣ್ಣಿಗೆ ಕಾಣುತ್ತವೆ. ಹೀಗಾಗಿ ತಳಿ ಪ್ರದರ್ಶನಕ್ಕೂ ಬೀಜ ವಿನಿಮಯಕ್ಕೂ ಕಡಿಮೆ ಬಾಡಿಗೆಯ ಸಾಲು ಮಳಿಗೆಯೇ ಯೋಗ್ಯ. ಪಾನಕ, ಹಪ್ಪಳಗಳಿಗೆ ಮಾತ್ರ ಮೂಲೆಯ ಹೆಚ್ಚಿನ ಬಾಡಿಗೆ ಸಾರ್ಥಕವಾದೀತು.

ಸಾಲು ಮಳಿಗೆಗೆ ಒಂದು ದೊಡ್ಡ ದೋಷವಿದೆ. ಅದು ಮಳಿಗೆಯದಲ್ಲ, ಮೇಜಿನದು. ಮೇಳದವರು ಕೊಡುವ ಮೇಜನ್ನು ಬಹುತೇಕ ಎಲ್ಲರೂ ಬಾಗಿಲಿಗೆ ಅಡ್ಡವಾಗಿ ಇಡುತ್ತಾರೆ. ಆಗ ಹಣ ತೆತ್ತ ಒಂಬತ್ತು ಚದರ ಮೀಟರು ಪೂರ್ತಿ ನಮ್ಮ ಪೆಟ್ಟಿಗೆಗಳಿಗಾಯಿತು. ಬಂದ ರೈತ ದಾರಿಯಲ್ಲೇ ನಿಂತು, ಹಿಂದಿನವರ ನೂಕಿಗೆ ಮುಂದೆ ಸರಿದು ಹೋಗುತ್ತಾನೆ. ಮೇಜನ್ನು ಪಕ್ಕದ ಗೋಡೆಗೆ ಸೇರಿಸಿ. ಹಿಂಗೋಡೆಯ ಬದಿಗೆ ಒಂದು ಚಾಪೆಯನ್ನೋ ಎರಡು ಮಣೆಗಳನ್ನೋ ಹಾಕಿ. ಪೆಟ್ಟಿಗೆಗಳನ್ನು ಮೇಜಿನಡಿಗೆ ತಳ್ಳಿ, ಬಟ್ಟೆ ಇಳಿಬಿಡಿ. ಅದೇ ಬಾಡಿಗೆಯಲ್ಲಿ ಮಾತಿಗೆ ಮನೆಯ ಜಗಲಿಯಂಥ ಎಡೆ ದೊರೆಯುತ್ತದೆ.

ಸಿದ್ಧ ಚೌಕಟ್ಟು, ಬರಿನೆಲ, ಬಯಲು

ಕಟ್ಟುವ ಕ್ರಮದಲ್ಲಿಯೂ ಆಯ್ಕೆಗಳಿವೆ. ಅಲ್ಯುಮಿನಿಯಂ ಕಂಬಗಳ ನಡುವೆ ಹಲಗೆ ಸೇರಿಸಿ, ಮೇಲೆ ಹೆಸರಿನ ಪಟ್ಟಿ, ಒಳಗೆ ಮೇಜು, ಕುರ್ಚಿ, ದೀಪ ಕೊಡುವ ಸಿದ್ಧ ಚೌಕಟ್ಟು ಒಂದು. ನೆಲವನ್ನಷ್ಟೇ ಕೊಟ್ಟು ಮಿಕ್ಕದ್ದನ್ನು ನಮಗೇ ಬಿಡುವ ಬರಿನೆಲ ಇನ್ನೊಂದು. ಬರಿನೆಲವನ್ನು ಸಾಮಾನ್ಯವಾಗಿ ದೊಡ್ಡ ವಿಸ್ತೀರ್ಣಕ್ಕೆ ಮಾತ್ರ ಕೊಡುತ್ತಾರೆ. ಅಲ್ಲಿ ಮೂರು ದಿನಗಳಿಗಾಗಿ ಕಟ್ಟಿದ ಅರಮನೆ ನಾಲ್ಕನೆಯ ದಿನ ಕಸದ ಗಾಡಿ ಏರುವುದನ್ನು ನೀವು ಕಂಡಿದ್ದೀರಿ. ಮರುಬಳಕೆಯ ದೃಷ್ಟಿಯಿಂದ ನೋಡಿದರೆ ಮೇಳದಿಂದ ಮೇಳಕ್ಕೆ ಸಾಗುವ ಸಿದ್ಧ ಚೌಕಟ್ಟೇ ಮೇಲು. ಅದರ ಹಲಗೆಗೆ ಮೊಳೆ ಹೊಡೆಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಆದ್ದರಿಂದ ಹಗ್ಗ, ಕೊಕ್ಕೆಗಳನ್ನು ಇಲ್ಲಿಂದಲೇ ಒಯ್ಯಬೇಕು. ಒಣ ತೆನೆಗಳನ್ನು ದೀಪದಿಂದ ದೂರ ಕಟ್ಟಬೇಕು. ಬೆಂಕಿಯ ಅಪಾಯ ಹುಲ್ಲಿಗೆ ಸದಾ ಇದ್ದೇ ಇದೆ.

ಮೂರನೆಯದು ಬಯಲಿನ ಮಳಿಗೆ. ಬೆಂಗಳೂರಿನ ಜಿಕೆವಿಕೆಯಲ್ಲಿ ಸಾಮಾನ್ಯವಾಗಿ ನವೆಂಬರಿನಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ನಡೆಯುವ ಕೃಷಿ ಮೇಳಗಳಂಥವುಗಳಲ್ಲಿ ಬಯಲೂ ಇರುತ್ತದೆ. ಸಸಿ, ಕಸಿಗಿಡಗಳಿಗೆ ಅದೇ ತಕ್ಕ ತಾಣ. ಹಲಸು ಅನ್ಯಪರಾಗಸ್ಪರ್ಶದ ಮರ. ಬೀಜದಿಂದ ಹುಟ್ಟಿದ ಸಸಿ ತಾಯಿಯ ಗುಣವನ್ನು ಹೊತ್ತು ಬರುವುದಿಲ್ಲ. ಮುರುಗಲಿನಲ್ಲಿ ಗಂಡು ಹೆಣ್ಣು ಮರಗಳು ಬೇರೆ ಬೇರೆ. ಬೀಜದ ಸಸಿ ಗಂಡಾಗಿಬಿಟ್ಟರೆ ಹಣ್ಣಿಲ್ಲ. ಇವೆರಡನ್ನೂ ಕಸಿಗಿಡವಾಗಿಯೇ ಕೊಡಬೇಕು. ಅದಕ್ಕೆ ನೆರಳು, ನೀರು, ಗಾಡಿ ಬರುವ ದಾರಿ ಬೇಕೇ ಹೊರತು ರತ್ನಗಂಬಳಿಯಲ್ಲ.

ದೀಪದ ಕೆಳಗೆ ಬೀಜ

ಸುಂದರವಾದ ಗಾಜಿನ ಬಾಟಲಿ, ಅದರ ಮೇಲೆ ಪ್ರಖರ ದೀಪ. ಇದು ಬೀಜ ಪ್ರದರ್ಶನದ ರೂಢಿಯಾಗಿದೆ. ಬೀಜ ವಿಜ್ಞಾನದಲ್ಲಿ ಹ್ಯಾರಿಂಗ್ಟನ್ ಸೂತ್ರವೆಂದು ಹೆಸರಾದ ಸ್ಥೂಲ ನಿಯಮವೊಂದಿದೆ. ಬೀಜದ ತೇವಾಂಶ ಶೇ. 1ರಷ್ಟು ಇಳಿದಾಗಲೆಲ್ಲ ಅದರ ಆಯಸ್ಸು ಇಮ್ಮಡಿಯಾಗುತ್ತದೆ. ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದಾಗಲೆಲ್ಲ ಮತ್ತೆ ಇಮ್ಮಡಿಯಾಗುತ್ತದೆ. ಇದನ್ನು ತಿರುಗಿಸಿ ಓದಿದರೆ ದೀಪದ ಕೆಳಗಿನ ಬಾಟಲಿಯ ಗತಿ ತಿಳಿಯುತ್ತದೆ. ಬೀಜ ಪ್ರಮಾಣೀಕರಣದ ನಿಯಮದಂತೆ ಭತ್ತದ ಬೀಜದ ತೇವಾಂಶ ಸಾಮಾನ್ಯ ಚೀಲದಲ್ಲಿ ಶೇ. 13ನ್ನು, ಆವಿ ನುಸುಳದ ಡಬ್ಬಿಯಲ್ಲಿ ಶೇ. 8ನ್ನು ಮೀರಬಾರದು. ಮಲೆನಾಡಿನ ಗಾಳಿಯಲ್ಲಿ ಒಣಗಿಸಿದ ಭತ್ತವನ್ನು ಬಿರಡೆ ಹಾಕಿದ ಗಾಜಿನಲ್ಲಿ ಇಟ್ಟರೆ ಅದು ಒಳಗೇ ಬೆವರುತ್ತದೆ. ಹಲಸು, ಮುರುಗಲುಗಳ ಬೀಜಕ್ಕಂತೂ ಒಣಗುವುದೇ ಮರಣ. ಆದ್ದರಿಂದ ತೋರಿಸುವ ಬೀಜ ಬೇರೆ, ಕೊಡುವ ಬೀಜ ಬೇರೆ ಇರಲಿ. ಕೊಡುವ ಬೀಜ ಬಟ್ಟೆಯ ಚೀಲದಲ್ಲಿ, ನೆರಳಿನಲ್ಲಿ, ನೆಲದಿಂದ ಎತ್ತರದಲ್ಲಿ ಇರಲಿ.

ಹೆಸರಿನ ಫಲಕ ಬಟ್ಟೆಯದಾಗಲಿ. ನಮ್ಮ ರಾಜ್ಯದಲ್ಲಿ 2016ರ ಮಾರ್ಚಿನಲ್ಲೇ ಫ್ಲೆಕ್ಸ್ ನಿಷೇಧವಾಗಿದೆ. ಪಿವಿಸಿಯ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಕ್ಲೋರಿನ್. ಅದನ್ನು ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹುಟ್ಟುತ್ತದೆ. ಬೀಜದ ಮಳಿಗೆಯ ಮೇಲೆ ಅದು ತೂಗುವುದು ಕಾನೂನಿಗೂ ಒಪ್ಪದು, ಮನಸ್ಸಿಗೂ ಒಪ್ಪದು.

ಕೈ ಬದಲಾಗುವಾಗ

ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001 ರೈತನಿಗೆ ತನ್ನ ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಹಂಚುವ, ಮಾರುವ ಹಕ್ಕನ್ನು ಮಾನ್ಯ ಮಾಡಿದೆ. ಸಂರಕ್ಷಿತ ತಳಿಯೊಂದರ ಹೆಸರಿನ ಮುದ್ರೆಯೊತ್ತಿದ ಪೊಟ್ಟಣದಲ್ಲಿ ಮಾರುವಂತಿಲ್ಲ, ಅಷ್ಟೆ. ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಸಂಶೋಧನೆಗಾಗಲೀ ವಾಣಿಜ್ಯಕ್ಕಾಗಲೀ ನಮ್ಮ ಜೈವಿಕ ಸಂಪನ್ಮೂಲವನ್ನು ಪಡೆಯಲು ವಿದೇಶಿ ಪ್ರಜೆಗಳೂ ಸಂಸ್ಥೆಗಳೂ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಹೊಂದಿರಬೇಕು. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರ ನಡೆಸಿರುವ ಸಾವಯವ ಮತ್ತು ಸಿರಿಧಾನ್ಯಗಳ ವಾಣಿಜ್ಯ ಮೇಳಗಳಂಥ ಕಡೆ ಹೊರನಾಡಿನ ಖರೀದಿದಾರರೂ ಬರುತ್ತಾರೆ. ಮಾದರಿ ಕೇಳಿದವರಿಗೆಲ್ಲ ಹಿಡಿ ತುಂಬಿ ಕೊಡುವ ಔದಾರ್ಯ ಅಲ್ಲಿ ಸಲ್ಲದು. ಮಳಿಗೆಯಲ್ಲಿ ಒಂದು ದಾಖಲೆ ಪುಸ್ತಕವಿರಲಿ: ಪಡೆದವರ ಹೆಸರು, ಊರು, ತಳಿ, ಪ್ರಮಾಣ, ಮರುವರ್ಷ ಹಿಂದಿರುಗಿಸುವ ಮಾತು. ಆ ಪುಸ್ತಕವೇ ನಮ್ಮ ಲಾಭನಷ್ಟದ ಖಾತೆ.

ಉಚಿತ ಮಳಿಗೆಯ ಪ್ರಶ್ನೆ

ಕೊನೆಯದಾಗಿ, ಎಲ್ಲರ ಮನಸ್ಸಿನಲ್ಲಿರುವ ವಿಷಯ. ಕೃಷಿರಾಸಾಯನಿಕಗಳ ಉದ್ಯಮವೊಂದು ತಾನು ಪ್ರಾಯೋಜಿಸುವ ಮಂಟಪದೊಳಗೆ ನಮಗೆ ಉಚಿತ ಮಳಿಗೆ ನೀಡಲು ಮುಂದೆ ಬಂದಿದೆ. ಸ್ಥಳ ಪ್ರಶಸ್ತವಾಗಿದೆ, ಮೂರು ಬದಿ ತೆರವಿದೆ, ಹಣ ಉಳಿಯುತ್ತದೆ. ಸ್ವೀಕರಿಸಬಾರದೆಂಬುದು ನನ್ನ ಅಭಿಪ್ರಾಯ. ಅಲ್ಲಿ ಮೇಲಿನ ಪಟ್ಟಿಯಲ್ಲಿ ಇರುವುದು ಅವರ ಹೆಸರು. ಒಳಗಿನ ತೆನೆಗಳು ಅವರ ಮಂಟಪದ ತೋರಣವಾಗುತ್ತವೆ. ಗೊಬ್ಬರ, ಔಷಧಗಳ ಹಂಗಿಲ್ಲದೆ ಬೆಳೆಯುವ ತಳಿಯ ಬಗ್ಗೆ ಅಲ್ಲಿ ಮನಬಿಚ್ಚಿ ಮಾತಾಡುವುದು ಸಂಕೋಚದ ಸಂಗತಿಯಾದೀತು. ಮಾತಾಡಲಾಗದ ಮಳಿಗೆ ಎಷ್ಟು ಬದಿ ತೆರೆದಿದ್ದರೇನು?

ಹಣದ ಕೊರತೆ ನಿಜ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದ್ದರಿಂದ ನನ್ನ ಸಲಹೆಗಳು ಇಷ್ಟು:

1. ನೆರೆಯ ಎರಡು ಗುಂಪುಗಳೊಡನೆ ಸೇರಿ ಒಂದೇ ಸಾಲು ಮಳಿಗೆಯನ್ನು ಹಂಚಿಕೊಳ್ಳೋಣ. ಮೂರು ಗೋಡೆಗಳಿವೆ, ಗುಂಪಿಗೊಂದು ಗೋಡೆ.

2. ವರ್ಷಕ್ಕೆ ಎಲ್ಲ ಮೇಳಗಳ ಬೆನ್ನು ಹತ್ತದೆ, ರೈತರೇ ಹೆಚ್ಚಾಗಿ ಬರುವ ಒಂದೆರಡನ್ನು ಆರಿಸೋಣ. ನಗರದ ವಾಣಿಜ್ಯ ಮೇಳಕ್ಕೆ ತಿನಿಸು, ಪಾನಕಗಳು ಮಾತ್ರ ಹೋಗಲಿ. ಬಿತ್ತನೆ ಬೀಜ ಬೇಡ.

3. ತಿನಿಸು ಮಾರುವವರು ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಮಾಡಿಸಿರಲಿ. ತಾತ್ಕಾಲಿಕ ಮಳಿಗೆಗೂ ಅದು ಅನ್ವಯಿಸುತ್ತದೆ.

4. ಮಳಿಗೆಯಲ್ಲಿ ಸದಾ ಇಬ್ಬರಿರಬೇಕು. ಅವರಲ್ಲಿ ಒಬ್ಬರು ಆ ತಳಿಯನ್ನು ಸ್ವತಃ ಬೆಳೆದವರಾಗಿರಬೇಕು. ನನ್ನಂಥ ವಿಜ್ಞಾನಿಗಳು ಪಕ್ಕದಲ್ಲಿ ನಿಂತರೆ ಸಾಕು.

5. ಒಂದೇ ಮನೆಯಲ್ಲಿ ಉಳಿದಿರುವ ತಳಿಗಳ ಪಟ್ಟಿಯನ್ನು ಈ ವಾರವೇ ಸಿದ್ಧಪಡಿಸಿ, ಮೊದಲ ಆದ್ಯತೆಯನ್ನು ಅವುಗಳಿಗೆ ಕೊಡೋಣ. ಅಂಥ ಪ್ರತಿ ತಳಿಗೂ ಈ ಹಂಗಾಮಿನಲ್ಲಿ ಬೇರೆ ಊರಿನ ಇಬ್ಬರು ರೈತರು ದೊರೆತರೆ ಮಳಿಗೆ ಗೆದ್ದಿತೆಂದು ತಿಳಿಯೋಣ.

ಉಚಿತ ಮಳಿಗೆಯ ಪ್ರಸ್ತಾಪಕ್ಕೆ ಉತ್ತರವನ್ನು ಬಳಗದ ಸಭೆಯೇ ತೀರ್ಮಾನಿಸಬೇಕು. ಭಿನ್ನಾಭಿಪ್ರಾಯವಿದ್ದವರು ದಯವಿಟ್ಟು ಇಲ್ಲಿಯೇ ಹೇಳಿ. ಕೇಳಲು ನಾನು ಸಿದ್ಧನಿದ್ದೇನೆ.