ಹಳೆಯ ಗಣಕವೂ ನಮ್ಮ ಬರಹವೂ

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಗೆಟ್ಟವಾಡಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಾರ್ಷಿಕೋತ್ಸವದ ಭಾಷಣವೆಂದರೆ ನಾಡುನುಡಿಗಳ ಹಿರಿಮೆಯನ್ನು ಕುರಿತದ್ದಾಗಿರಬೇಕೆಂಬುದು ವಾಡಿಕೆ. ಆ ವಾಡಿಕೆಯನ್ನು ಇಂದು ಕೊಂಚ ಮೀರಿ, ಹಳೆಯದೊಂದು ಗಣಕಯಂತ್ರದ ಕಥೆಯನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಲು ನಾವು ನಿಂತಿದ್ದೇವೆ. ಯಂತ್ರದ ಕಥೆಗೂ ನುಡಿಯ ಹಬ್ಬಕ್ಕೂ ಏನು ಸಂಬಂಧವೆಂದು ಯಾರಾದರೂ ಹುಬ್ಬೇರಿಸಿದರೆ ತಪ್ಪಿಲ್ಲ. ಮಾತು ಮುಗಿಯುವ ಹೊತ್ತಿಗೆ ಆ ಸಂಬಂಧವು ತಾನಾಗಿ ಗೋಚರವಾದೀತೆಂಬ ನಂಬಿಕೆ ನಮಗಿದೆ.

ನಮ್ಮ ಸಂಘಕ್ಕೆ ಬಹುಕಾಲ ದುಡಿದ ಉಪಾಧ್ಯಾಯರೊಬ್ಬರನ್ನು ತಮ್ಮಲ್ಲಿ ಹಲವರು ಬಲ್ಲಿರಿ. ಹೆಸರು ಹೇಳುವುದು ಬೇಡವೆಂದು ಅವರ ಮನೆಯವರ ಅಪೇಕ್ಷೆ; ಆದುದರಿಂದ ‘ಮೇಷ್ಟ್ರು’ ಎಂದಷ್ಟೇ ಕರೆಯುತ್ತೇವೆ. ಅವರು ಸೈಕಲ್ಲಿನ ಮೇಲೆ ಈ ಬೆಟ್ಟದ ಊರುಗಳನ್ನೆಲ್ಲ ಸುತ್ತಿ, ಮಾದಪ್ಪನ ಪದ ಹೇಳುವ ಕಂಸಾಳೆಯವರಿಂದಲೂ, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರಿಂದಲೂ, ರಾಗಿ ಬೀಸುವ ಹೆಂಗಸರಿಂದಲೂ ಹಾಡುಗಳನ್ನು ಕೇಳಿ ಬರೆದುಕೊಂಡರು. ಗುಮಟಾಪುರದ ಗೊರೆಹಬ್ಬವನ್ನು ಕಣ್ಣಾರೆ ಕಂಡು ವಿವರವಾಗಿ ಬರೆದರು. ಅದನ್ನೆಲ್ಲ ಪುಸ್ತಕವಾಗಿಸಬೇಕೆಂದು ಚಾಮರಾಜನಗರದ ಡಿ.ಟಿ.ಪಿ. ಅಂಗಡಿಯೊಂದರಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟಿಸಿದರು. ಅಷ್ಟರಲ್ಲಿ ಕೈಯಲ್ಲಿದ್ದ ಹಣ ಮುಗಿಯಿತು. ಅಂಗಡಿಯವರು ಪುಟಗಳನ್ನು ಒಂದು ಸಿ.ಡಿ.ಗೆ ತುಂಬಿ ಕೊಟ್ಟರು. ಮೇಷ್ಟ್ರು ಅದನ್ನು ಸಂಘದ ಬೀರುವಿನಲ್ಲಿಟ್ಟು, “ಹಣ ಒದಗಿದಾಗ ಅಚ್ಚು ಹಾಕಿಸೋಣ” ಎಂದರು. ಹಣ ಒದಗುವ ಮೊದಲೇ ಅವರು ತೀರಿಕೊಂಡರು. ಕೈಬರಹದ ಪುಸ್ತಕಗಳನ್ನು ಗೆದ್ದಲು ತಿಂದಿತು. ಉಳಿದುದು ಆ ಒಂದು ಸಿ.ಡಿ. ಮಾತ್ರ.

ಇಲ್ಲಿ ನಮ್ಮ ತಪ್ಪನ್ನು ನಾವು ಒಪ್ಪಿಕೊಳ್ಳಬೇಕು. ಆ ಪುಟಗಳನ್ನು ತೆರೆಯಬಲ್ಲ ಹಳೆಯ ಗಣಕವೊಂದು ಸಂಘದ ಕೊಠಡಿಯಲ್ಲಿಯೇ ಇತ್ತು. ಹೊಸದು ಬಂದಾಗ, ಜಾಗ ಸಾಲದೆಂದು ಹಳೆಯದನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದವರು ನಾವೇ. ಸಿ.ಡಿ. ಭದ್ರವಾಗಿದೆಯಲ್ಲ, ಇನ್ನು ಯಂತ್ರವೇಕೆ ಎಂಬುದು ಅಂದಿನ ನಮ್ಮ ಬುದ್ಧಿವಂತಿಕೆ.

ಕಳೆದ ವರುಷ ಅಚ್ಚಿನ ಖರ್ಚಿಗೆ ದಾನಿಗಳು ಮುಂದೆ ಬಂದರು. ಸಂತೋಷದಿಂದ ಸಿ.ಡಿ.ಯನ್ನು ಹೊಸ ಗಣಕಕ್ಕೆ ಹಾಕಿದೆವು. ಕಡತಗಳ ಹೆಸರು ಕಂಡವು, ಆದರೆ ಒಂದೂ ತೆರೆಯಲಿಲ್ಲ. ಅವು ಪೇಜ್‌ಮೇಕರ್ ಎಂಬ ಪುಟ ಕಟ್ಟುವ ತಂತ್ರಾಂಶದಲ್ಲಿ ಸಿದ್ಧಪಡಿಸಿದವು. 2001ರಲ್ಲಿ ಬಂದ ಏಳನೆಯ ಆವೃತ್ತಿಯೇ ಅದರ ಕೊನೆಯದು. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ ಕೂಡ ಸಿ.ಎಸ್. 6 ಎಂಬ ಆವೃತ್ತಿಯ ಬಳಿಕ ಆ ಕಡತಗಳನ್ನು ಓದುವುದನ್ನು ಬಿಟ್ಟುಬಿಟ್ಟಿತು. ಒಂದು ಬಿಡಿ ಕಡತ ಮಾತ್ರ ಹೇಗೋ ತೆರೆಯಿತು. ಅದರಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ಅಂಗಡಿಯೊಂದರಲ್ಲಿ ವಿಚಾರಿಸಿದಾಗ, “ಇದು ಕೆಟ್ಟುಹೋಗಿದೆ, ಎಸೆದುಬಿಡಿ” ಎಂಬ ಉತ್ತರ ಸಿಕ್ಕಿತು.

ಮಹನೀಯರೇ, ಅದು ಕೆಟ್ಟಿರಲಿಲ್ಲ. ಕೆಟ್ಟಿದ್ದುದು ನಮ್ಮ ಓದುವ ಸಾಧನ. ಈ ಭೇದವನ್ನು ವಿವರಿಸದೆ ಮುಂದೆ ಹೋಗುವಂತಿಲ್ಲ.

ಮೇಷ್ಟ್ರ ಕಾಲದಲ್ಲಿ ಗಣಕದ ಕನ್ನಡ ಒಂದು ಬಗೆಯ ವೇಷದ ಕನ್ನಡ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಅನಂತರ ಕರ್ನಾಟಕ ಸರಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಮನೆಮನೆಗೂ ತಲುಪಿತು. ಇವರೆಲ್ಲರ ಉಪಕಾರ ದೊಡ್ಡದು. ಆದರೆ ಅಂದಿನ ಗಣಕಗಳಿಗೆ ಕನ್ನಡಕ್ಕೆಂದು ಬೇರೆ ಸ್ಥಾನವೇ ತಿಳಿದಿರಲಿಲ್ಲ. ಆದುದರಿಂದ ಯುರೋಪಿನ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದರು. ‘ಕನ್ನಡ’ ಎಂಬ ಪದವನ್ನು ನುಡಿಯ ಹಳೆಯ ಅಚ್ಚಿನಲ್ಲಿ ಬರೆದರೆ, ಗಣಕದ ಹೊಟ್ಟೆಯಲ್ಲಿ ನಿಜವಾಗಿ ಉಳಿಯುವುದು ಏಳು ಚಿಹ್ನೆಗಳು: ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೀಟು ಹೊತ್ತ ದೊಡ್ಡ ಎ, ಪೌಂಡು ನಾಣ್ಯದ ಗುರುತು, ಮತ್ತೆ ಅದೇ ಎ, ಜರ್ಮನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಅದೇ ಎ. ನುಡಿಯ ಅಚ್ಚು ಗಣಕದಲ್ಲಿದ್ದರೆ ಕಣ್ಣಿಗೆ ಕನ್ನಡ ಕಾಣುತ್ತದೆ. ಇಲ್ಲವಾದರೆ ಈ ಏಳು ಪರದೇಶಿಗಳು ಸಾಲಾಗಿ ನಿಲ್ಲುತ್ತಾರೆ.

ಯೂನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ 1991ರಿಂದಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಕೇರಿ ದೊರೆತಿತ್ತು. ಆದರೆ ಆ ಕೇರಿಯ ದಾರಿ ಸಾಮಾನ್ಯ ಗಣಕಗಳಿಗೆ ತಿಳಿದದ್ದು ತಡವಾಗಿ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಅಚ್ಚು ಬಂದಿತು. ಅದಕ್ಕೆ ಹಿಂದಿನವರೂ, ಅದು ಬಂದ ಮೇಲೂ ಹಳೆಯ ರೂಢಿಯನ್ನು ಬಿಡದವರೂ ಬರೆದುದೆಲ್ಲ ವೇಷದ ಕನ್ನಡದಲ್ಲಿಯೇ ಉಳಿಯಿತು.

ಈ ಸಂಕಟವನ್ನು ಬಿಡಿಸಿದವಳು ನಮ್ಮ ಊರಿನ ಹುಡುಗಿಯೊಬ್ಬಳು. ಅವಳು ಕೊಯಮತ್ತೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಶಾಲೆಯಲ್ಲಿ ಕಲಿತದ್ದು ತಮಿಳು; ಕನ್ನಡವನ್ನು ಮನೆಯಲ್ಲಿ ಅಜ್ಜನಿಂದ ಕಲಿತು ನಿಧಾನವಾಗಿ ಓದುತ್ತಾಳೆ. “ತಾತ, ಹಳೇ ಮಷೀನ್ ಹೋದ್ರೆ ಹೋಗ್ಲಿ, ಹೊಸದರೊಳಗೇ ಹಳೇದನ್ನ ಕಟ್ಟೋಣ” ಎಂದಳು. ನಮಗೆ ಅರ್ಥವಾಗಲಿಲ್ಲ. ಪೌರಾಣಿಕ ನಾಟಕದಲ್ಲಿ ಪರದೆಯ ಮೇಲೆ ಬರೆದ ಅರಮನೆಯನ್ನು ನಿಜವೆಂದು ನಂಬಿ ರಾಜನ ಪಾತ್ರಧಾರಿ ಆಳುವುದಿಲ್ಲವೇ, ಹಾಗೆಯೇ ಇದು ಎಂದು ಅವಳು ವಿವರಿಸಿದಳು. ಹೊಸ ಗಣಕವು ತನ್ನೊಳಗೆ ಹಳೆಯ ಗಣಕವೊಂದರ ಚಿತ್ರವನ್ನು ಬರೆಯುತ್ತದೆ. ಇದು ನಿನ್ನ ಡಿಸ್ಕು, ಇದು ನಿನ್ನ ಪರದೆ ಎಂದು ಹಳೆಯ ಆಪರೇಟಿಂಗ್ ಸಿಸ್ಟಮ್ಮಿಗೆ ತೋರಿಸುತ್ತದೆ. ಅದು ಅದನ್ನೇ ನಂಬಿ, ತನ್ನ ಕಾಲದಲ್ಲಿ ದುಡಿದಂತೆಯೇ ದುಡಿಯುತ್ತದೆ. ಇದಕ್ಕೆ ವರ್ಚುಯಲ್ ಮಷೀನ್ ಎಂದು ಹೆಸರು. ಈ ಯುಕ್ತಿ ಹೊಸದೇನಲ್ಲ. ಐ.ಬಿ.ಎಂ. ಸಂಸ್ಥೆ ತನ್ನ ದೊಡ್ಡ ಗಣಕಗಳಿಗಾಗಿ 1972ರಲ್ಲಿಯೇ ಇಂಥ ವ್ಯವಸ್ಥೆಯನ್ನು ಹೊರತಂದಿತ್ತು. 2007ರಿಂದ ವರ್ಚುಯಲ್‌ಬಾಕ್ಸ್ ಎಂಬ ತಂತ್ರಾಂಶ ಯಾರಿಗಾದರೂ ಉಚಿತವಾಗಿ ದೊರೆಯುತ್ತಿದೆ.

ಚಾಮರಾಜನಗರದ ಆ ಅಂಗಡಿ ಮುಚ್ಚಿ ಬಹುದಿನಗಳಾಗಿದ್ದವು. ಹುಡುಕಿಕೊಂಡು ಹೋದಾಗ ಅದರ ಯಜಮಾನರು ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆಯನ್ನು ಇಳಿಸಿ ನಮ್ಮ ಕೈಗಿತ್ತರು. ಅದರಲ್ಲಿ ವಿಂಡೋಸ್ 98ರ ಎರಡನೆಯ ಆವೃತ್ತಿ, ಪೇಜ್‌ಮೇಕರ್ ಮತ್ತು ನುಡಿಯ ಸಿ.ಡಿ.ಗಳು, ಅವುಗಳ ಕೀಲಿಸಂಖ್ಯೆಗಳ ಸಹಿತ ಇದ್ದವು. ಎಲ್ಲೆಲ್ಲಿಂದಲೋ ಕದ್ದು ತಂದ ಪ್ರತಿಗಳಿಂದ ಈ ಕೆಲಸ ಆಗಬಾರದೆಂಬುದು ನಮ್ಮ ಸಂಕಲ್ಪವಾಗಿತ್ತು. ಆ ಪುಣ್ಯಾತ್ಮರು ಅದನ್ನು ಉಳಿಸಿದರು.

ಹುಡುಗಿ ಮೊದಲು ಸಿ.ಡಿ.ಗಳ ಪ್ರತಿ ತೆಗೆದು, ಮೂಲಗಳನ್ನು ಮುಟ್ಟದೆ ಎತ್ತಿಟ್ಟಳು. ಬಳಿಕ ಲ್ಯಾಪ್‌ಟಾಪಿನಲ್ಲಿ ಹಳೆಯ ಗಣಕವನ್ನು ಕಟ್ಟತೊಡಗಿದಳು. ಮೊದಲ ಸಲ ಅದಕ್ಕೆ ಧಾರಾಳವಾಗಿ ಒಂದೂವರೆ ಗಿಗಾಬೈಟ್ ಸ್ಮೃತಿಯನ್ನು ಕೊಟ್ಟಳು. ಸ್ಮೃತಿ ಸಾಲದೆಂದು ಹೇಳಿ ವಿಂಡೋಸ್ ನಿಂತುಬಿಟ್ಟಿತು! 24 ಮೆಗಾಬೈಟಿನಲ್ಲಿ ಸಂಸಾರ ಸಾಗಿಸಬಲ್ಲ ಹಳೆಯ ವ್ಯವಸ್ಥೆಗೆ ಅಷ್ಟು ಸಂಪತ್ತನ್ನು ಎಣಿಸಿಕೊಳ್ಳಲು ಬಾರದು. ಅತಿಯಾದುದನ್ನೇ ಅದು ಕೊರತೆಯೆಂದು ತಿಳಿಯಿತು. 256ಕ್ಕೆ ಇಳಿಸಿದೊಡನೆ ಸಮಾಧಾನಗೊಂಡಿತು. ಡಿಸ್ಕನ್ನು ಭಾಗಮಾಡುವುದು, ಹಸನುಮಾಡುವುದು, ಇಪ್ಪತ್ತೈದು ಅಕ್ಷರಗಳ ಕೀಲಿಯನ್ನು ಒತ್ತುವುದು, ಮತ್ತೆ ಮತ್ತೆ ಮುಚ್ಚಿ ತೆರೆಯುವುದು—ಹೀಗೆ ಒಂದು ಸಂಜೆ ಕಳೆಯಿತು. ಕೊನೆಗೆ ಹದಿನಾರೇ ಬಣ್ಣಗಳ ಸಣ್ಣ ಪರದೆಯೊಂದು ಹೊಸ ಪರದೆಯ ನಡುವೆ ತೆರೆದುಕೊಂಡಿತು. ಕೆಲಸ ಒಂದು ಹಂತಕ್ಕೆ ಬಂದಾಗಲೆಲ್ಲ ಅವಳು ಆ ಸ್ಥಿತಿಯನ್ನು ಹಾಗೆಯೇ ಹಿಡಿದಿಡುತ್ತಿದ್ದಳು; ಮುಂದೆ ಏನಾದರೂ ಕೆಟ್ಟರೆ ಅಲ್ಲಿಗೇ ಮರಳಬಹುದು. ಈ ಅನುಕೂಲ ಕಬ್ಬಿಣದ ಗಣಕಕ್ಕೆ ಎಂದೂ ಇರಲಿಲ್ಲ. ವಿಂಡೋಸ್ 98ಕ್ಕೆ ಅದರ ತಯಾರಕರ ರಕ್ಷಣೆ 2006ರ ಜುಲೈ 11ಕ್ಕೆ ಮುಗಿದಿರುವುದರಿಂದ, ಅದನ್ನು ಅಂತರಜಾಲಕ್ಕೆ ಜೋಡಿಸಲೇ ಇಲ್ಲ.

ಪೇಜ್‌ಮೇಕರ್ ಮತ್ತು ನುಡಿಯನ್ನು ಕೂರಿಸಿ, ಮೇಷ್ಟ್ರ ಕಡತಗಳನ್ನು ಸಿ.ಡಿ.ಯ ಪ್ರತಿರೂಪವಾಗಿ ಒಳಕ್ಕೆ ಕೊಟ್ಟು, ಮೊದಲನೆಯದನ್ನು ತೆರೆದಾಗ ಮೇಷ್ಟ್ರ ಮನೆಯವರನ್ನೂ ಕರೆಸಿದ್ದೆವು. ಪುಟ ಮೆಲ್ಲಮೆಲ್ಲನೆ ಮೂಡಿತು. ಹಾಡಿದವರ ಹೆಸರು, ಊರು, ಹಾಡಿದ ಸಂದರ್ಭ—ಎಲ್ಲವೂ ಕನ್ನಡದಲ್ಲಿ, ಅವರು ಕಟ್ಟಿಸಿದ ಹಾಗೆಯೇ. ಆ ತಾಯಿ ಬಹುಹೊತ್ತು ನೋಡಿ, “ಇದು ಅವರ ಮಾತೇ ಕಣಪ್ಪಾ” ಎಂದರು. ಮತ್ತೇನೂ ಹೇಳಲಿಲ್ಲ. ನಮಗೂ ಮಾತು ಬರಲಿಲ್ಲ.

ಎಲ್ಲವೂ ದೊರೆಯಿತೆಂದು ಹೇಳುವ ಭಾಗ್ಯ ನಮ್ಮದಲ್ಲ. ಸಿ.ಡಿ.ಯ ಅಂಚು ಹಾಳಾಗಿದ್ದುದರಿಂದ ಕೊನೆಯ ಅಧ್ಯಾಯ, ಅಂದರೆ ಬೀಸುವ ಪದಗಳ ಭಾಗ, ಓದಲು ಸಿಗಲಿಲ್ಲ. ಹಾಡಿದ ಅಜ್ಜಿಯರಲ್ಲಿ ಯಾರೂ ಈಗ ಇಲ್ಲ. ಹಳೆಯ ಗಣಕವನ್ನು ಮಾರುವ ದಿನವೇ ಆ ಸಿ.ಡಿ.ಯನ್ನು ಒಮ್ಮೆ ತೆರೆದು, ಕಾಗದದ ಮೇಲೆ ಇಳಿಸಿಕೊಂಡಿದ್ದರೆ ಅವು ಉಳಿಯುತ್ತಿದ್ದವು. ಅದಕ್ಕೆ ಬೇಕಾಗಿದ್ದುದು ಒಂದು ಮಧ್ಯಾಹ್ನ, ಒಂದು ಕಟ್ಟು ಕಾಗದ.

ಇನ್ನೊಂದು ಎಚ್ಚರಿಕೆ. ಗಣಕದೊಳಗಿನ ಹಳೆಯ ಗಣಕ ವಾಸಕ್ಕೆ ತಕ್ಕ ಮನೆಯಲ್ಲ. ಒಳಗಿನ ಒಡವೆಯನ್ನು ಹೊರತರಲು ತೆರೆದ ಬಾಗಿಲು. ಆದುದರಿಂದ ಪುಟಗಳ ರೂಪ ಉಳಿಯುವಂತೆ ಅವನ್ನು ಪಿ.ಡಿ.ಎಫ್. ಮಾಡಿಸಿದ್ದೇವೆ, ಒಳಗಿನ ಬರಹವನ್ನು ಬೇರೆಯಾಗಿ ತೆಗೆದು, ಉಚಿತವಾಗಿ ದೊರೆಯುವ ಪರಿವರ್ತಕಗಳಿಂದ ಯೂನಿಕೋಡಿಗೆ ತಂದಿದ್ದೇವೆ. ಈಗ ‘ಕನ್ನಡ’ ಎಂಬ ಪದ ಏಳು ಪರದೇಶಿ ಚಿಹ್ನೆಗಳಲ್ಲ, ತನ್ನವೇ ಆದ ಐದು ಸಂಕೇತಗಳು. ಪರಿವರ್ತಕವೂ ತಪ್ಪುತ್ತದೆ. ಹಳೆಯ ಅಚ್ಚಿನಲ್ಲಿ ಅರ್ಕಾವೊತ್ತು ಅಕ್ಷರದ ಬಳಿಕ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು ಬರುತ್ತದೆ. ಈ ಅದಲುಬದಲಿನಲ್ಲಿ ಅಲ್ಲಲ್ಲಿ ಪದಗಳು ಕೆಡುತ್ತವೆ. ಅವನ್ನು ತಿದ್ದಲು ನಮ್ಮ ಮಾತನ್ನು ಬಲ್ಲ ಕಣ್ಣೇ ಬೇಕು. ಆ ಹುಡುಗಿ ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದುತ್ತಾಳೆ. ನಾವು ಕೇಳಿ ತಿದ್ದುತ್ತೇವೆ. ಅವಳ ಕನ್ನಡವೂ ಈ ನೆಪದಲ್ಲಿ ಬಲಿಯುತ್ತಿದೆ.

1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂದುಕೊಟ್ಟ ಸಂಗತಿ ತಮಗೆ ತಿಳಿದದ್ದೇ. ಅದು ಗ್ರಂಥಲಿಪಿಯಲ್ಲಿತ್ತು. ಅದನ್ನು ಓದಬಲ್ಲ ಆರ್. ಶಾಮಾಶಾಸ್ತ್ರಿಗಳು ಅಲ್ಲಿದ್ದುದರಿಂದ 1909ರಲ್ಲಿ ಅದು ಅಚ್ಚಾಗಿ ಲೋಕಕ್ಕೆ ದೊರೆಯಿತು. ತಮಿಳುಸೀಮೆಯ ಓಲೆ, ಕನ್ನಡಸೀಮೆಯ ಓದು, ಗಡಿ ಅಡ್ಡಬರಲಿಲ್ಲ. ಓಲೆಯೊಂದನ್ನೇ ಕಾಪಾಡಿ ಲಿಪಿಯನ್ನು ಮರೆತಿದ್ದರೆ ಅದು ಒಣಗಿದ ಗರಿಯಾಗಿಯೇ ಉಳಿಯುತ್ತಿತ್ತು. ಬರಹವನ್ನು ಉಳಿಸುವುದೆಂದರೆ ಅದನ್ನು ಓದುವ ಬಗೆಯನ್ನೂ ಉಳಿಸುವುದು. ನಮ್ಮ ಬೆಟ್ಟದ ಮೇಲೆ ಈ ಮಾತಿಗೆ ಇಮ್ಮಡಿ ತೂಕ. 1956ರ ವಿಂಗಡಣೆಯ ಬಳಿಕ ನಮ್ಮ ಮನೆಯ ಮಾತು ಕನ್ನಡ, ಕಚೇರಿಯ ಕಾಗದ ತಮಿಳು. ನಮ್ಮ ಹಾಡುಗಳ ಹೊಣೆ ಮೊದಲು ನಮ್ಮದೇ.

ಆದುದರಿಂದ ತಮ್ಮಲ್ಲಿ ಒಂದು ವಿಜ್ಞಾಪನೆ. ಮದುವೆಯ ಕರೆಯೋಲೆಯೋ, ಭಜನೆಯ ಪುಸ್ತಕವೋ, ಊರಹಬ್ಬದ ಲೆಕ್ಕವೋ, ನುಡಿಯಲ್ಲಿ ಬರಹದಲ್ಲಿ ಬರೆಸಿದ್ದು ಫ್ಲಾಪಿಯಲ್ಲಿ, ಸಿ.ಡಿ.ಯಲ್ಲಿ, ಅಟ್ಟದ ಮೇಲಿನ ಹಳೆಯ ಗಣಕದಲ್ಲಿ ಇದ್ದರೆ, ಗುಜರಿಗೆ ಹಾಕುವ ಮೊದಲು ಸಂಘಕ್ಕೆ ತನ್ನಿರಿ. ಹಳೆಯ ಸಿ.ಡಿ.ಗಳ ಪೆಟ್ಟಿಗೆಗಳಿದ್ದರೆ, ಕೀಲಿಸಂಖ್ಯೆಯ ಚೀಟಿಯನ್ನು ಕಿತ್ತೆಸೆಯದೆ ತನ್ನಿರಿ. ನಮ್ಮ ಲ್ಯಾಪ್‌ಟಾಪಿನೊಳಗೆ ಹಳೆಯ ಗಣಕ ಕಾದು ಕುಳಿತಿದೆ.

ಮೇಷ್ಟ್ರ ಪುಸ್ತಕ, ಕೊನೆಯ ಅಧ್ಯಾಯವಿಲ್ಲದೆ, ಅಚ್ಚಿಗೆ ಸಿದ್ಧವಾಗುತ್ತಿದೆ. ಆ ಅಧ್ಯಾಯದ ಜಾಗದಲ್ಲಿ ಎಂಟು ಖಾಲಿ ಪುಟಗಳನ್ನು ಬಿಡಬೇಕೆಂದು ನಿಶ್ಚಯಿಸಿದ್ದೇವೆ. ಬೀಸುವ ಪದ ಒಂದಾದರೂ ತಮ್ಮ ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ, ದಯವಿಟ್ಟು ಬಂದು ಹೇಳಿ ಬರೆಸಿರಿ.