ಹಾಲಿಗೆ ಸಿಕ್ಕ ದಾರಿ ಟೊಮೆಟೊಗೂ ಸಿಗಲಿ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಭಾಷಣ ಮಾಡಿ ಅಭ್ಯಾಸ ಇರುವವರಲ್ಲ. ಓದಿದ್ದು ಎಸ್.ಎಸ್.ಎಲ್.ಸಿ., ಆಮೇಲೆ ಹಿಡಿದಿದ್ದು ನೇಗಿಲು. 'ಸಣ್ಣ ರೈತರು ಮತ್ತು ಮಾರುಕಟ್ಟೆ' ಅಂತ ವಿಷಯ ಕೊಟ್ಟಿದ್ದಾರೆ. ಪುಸ್ತಕದ ಮಾತು ನಮಗೆ ಬರುವುದಿಲ್ಲ. ನಮ್ಮ ಹೊಲದಲ್ಲಿ, ನಮ್ಮ ಡೇರಿಯಲ್ಲಿ ಕಂಡದ್ದನ್ನು ಹೇಳುತ್ತೇವೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಆಗ ಊರಿನ ಹಾಲೆಲ್ಲ ಒಬ್ಬ ಹಾಲಿನವರ ಕೈಗೆ ಹೋಗುತ್ತಿತ್ತು. ಅಳತೆ ಅವರದು, ಲೆಕ್ಕದ ಪುಸ್ತಕ ಅವರದು, ಬೆಲೆಯೂ ಅವರದೇ. ಕರೆದ ಬಿಸಿ ಹಾಲನ್ನು ನೊರೆ ಸಮೇತ ಅಳೆದರೆ ನಮಗೆ ಲಾಭ ಅಂತ ನಾವು ತಿಳಿಯುತ್ತಿದ್ದೆವು. ಅವರು ನೊರೆ ಇಳಿಯುವ ತನಕ ಬೀಡಿ ಸೇದುತ್ತಾ ಕೂತು, ಆಮೇಲೆ ತಮ್ಮ ಅಳತೆಯಲ್ಲಿ ತುಂಬಿ ತುಳುಕಿಸಿಕೊಂಡು ಅಳೆಯುತ್ತಿದ್ದರು. ಯುಗಾದಿಗೆ ಬಟ್ಟೆಗೆ ಅಂತ ಮುಂಗಡ ಕೊಟ್ಟರೆ, ಗೌರಿಹಬ್ಬದ ತನಕ ಬೆಲೆ ಕೇಳುವ ಬಾಯಿ ನಮಗಿರಲಿಲ್ಲ. ಅವರು ಕೆಟ್ಟವರು ಅಂತ ಹೇಳುತ್ತಿಲ್ಲ. ಕೊಳ್ಳುವವರು ಒಬ್ಬರೇ, ಮಾರುವವರು ನೂರು ಜನ ಆದಾಗ ಯಾರಾದರೂ ಹಾಗೇ ಮಾಡುತ್ತಾರೆ.

ಡೇರಿ ಶುರುವಾದ ದಿನ ಬಂದ ಹಾಲಿಗೆ ಒಂದು ಕ್ಯಾನು ಸಹ ತುಂಬಲಿಲ್ಲ. ನಗುವವರು ನಕ್ಕರು. ಆದರೆ ಹತ್ತು ಹದಿನೈದು ಮನೆಯವರು ಬಿಡಲಿಲ್ಲ. ಇವತ್ತು ಅರ್ಧ ಲೀಟರು ತಂದವರಿಗೂ ಹತ್ತು ಲೀಟರು ತಂದವರಿಗೂ ಒಂದೇ ತಕ್ಕಡಿ, ಒಂದೇ ಪರೀಕ್ಷೆ. ಜಿಡ್ಡು ಎಷ್ಟು, ಡಿಗ್ರಿ ಎಷ್ಟು ಅಂತ ಕಣ್ಣೆದುರಿಗೇ ಚೀಟಿ ಬರುತ್ತದೆ. ಬಟವಾಡೆ ಹೇಳಿದ ದಿನಕ್ಕೆ ಆಗುತ್ತದೆ. ಹಿಂಡಿ, ಪಶುವೈದ್ಯರು, ವರ್ಷದ ಬೋನಸ್ಸು, ಇವೆಲ್ಲ ಅದರ ಹಿಂದೆ ಬಂದವು. ನಮ್ಮ ಕೋಲಾರ ಸೀಮೆಗೆ ಚಿನ್ನ, ಹಾಲು, ರೇಷ್ಮೆ ಅಂತ ಹೆಸರು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಹಾಲು ನಿಲ್ಲಲಿಲ್ಲ. ಬರಗಾಲದಲ್ಲೂ ಎಷ್ಟೋ ಮನೆಯ ಒಲೆ ಉರಿದಿದ್ದು ಡೇರಿ ಬಟವಾಡೆಯಿಂದ.

ಇದು ನಮ್ಮೂರಿನವರು ಹೊಸದಾಗಿ ಕಂಡುಹಿಡಿದ ಬುದ್ಧಿಯಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಕಟ್ಟಿದರು. ಗುಜರಾತಿನ ಖೇಡಾ ಜಿಲ್ಲೆಯ ರೈತರು ಒಬ್ಬನೇ ಕೊಳ್ಳುವವನ ಕೈಗೆ ಸಿಕ್ಕಿ ಸಾಕಾಗಿ, ಹಾಲು ಕೊಡುವುದನ್ನೇ ನಿಲ್ಲಿಸಿ, 1946ರಲ್ಲಿ ತ್ರಿಭುವನದಾಸ ಪಟೇಲರ ಮುಂದಾಳತ್ವದಲ್ಲಿ ತಮ್ಮದೇ ಸಂಘ ಮಾಡಿಕೊಂಡರು. 1949ರಲ್ಲಿ ಅಲ್ಲಿಗೆ ಕುರಿಯನ್ ಅವರು ಬಂದರು. ಆ ಮಾದರಿಯೇ 1974ರ ನಂತರ ನಮ್ಮ ರಾಜ್ಯದ ಹಳ್ಳಿಹಳ್ಳಿಗೂ ಬಂತು. ಸಾಲ ಎಲ್ಲೋ ಶುರುವಾಯಿತು, ಹಾಲು ಎಲ್ಲೋ ಶುರುವಾಯಿತು, ಆದರೆ ಮೂಲ ಒಂದೇ: ಒಬ್ಬೊಬ್ಬರೇ ಹೋದರೆ ಬಾಗಿಲು ತೆರೆಯುವುದಿಲ್ಲ.

ಈಗ ನಾವು ಕೇಳುವ ಪ್ರಶ್ನೆ ಇಷ್ಟೇ. ಹಾಲಿಗೆ ಈ ದಾರಿ ಮಾಡಿಕೊಂಡ ನಾವು ಟೊಮೆಟೊಗೆ ಯಾಕೆ ಮಾಡಲಿಲ್ಲ? ರಾಗಿಗೆ ಯಾಕೆ ಮಾಡಲಿಲ್ಲ?

ನಮ್ಮದೇ ಒಂದು ಲೆಕ್ಕ ಹೇಳುತ್ತೇವೆ, ಕೇಳಿ. ಕೆಲವು ವರ್ಷದ ಹಿಂದೆ ಮುಕ್ಕಾಲು ಎಕರೆಗೆ ಟೊಮೆಟೊ ಇಟ್ಟಿದ್ದೆವು. ಒಂದು ದಿನ ಅರವತ್ತು ಬಾಕ್ಸ್ ಮಂಡಿಗೆ ಹಾಕಿದೆವು. ಬಾಕ್ಸಿಗೆ 40 ರೂಪಾಯಿ ಕೂಗಿದರು. ಒಟ್ಟು 2,400. ಅದರಲ್ಲಿ ನೂರಕ್ಕೆ ಹತ್ತರಂತೆ ಕಮಿಷನ್ 240. ಇಳಿಸುವ ಕೂಲಿ 120. ಗಾಡಿ ಬಾಡಿಗೆ ಬಾಕ್ಸಿಗೆ 15ರಂತೆ 900. ಕಿತ್ತವರು ಆರು ಜನ, ತಲಾ 300ರಂತೆ 1,800. ಕೂಡಿದರೆ ಖರ್ಚು 3,060. ಅರವತ್ತು ಬಾಕ್ಸ್ ಹಣ್ಣು ಕೊಟ್ಟು, ಕೈಯಿಂದ 660 ರೂಪಾಯಿ ಸೇರಿಸಿ ಮನೆಗೆ ಬಂದೆವು. ನಾರು, ಕಡ್ಡಿ, ದಾರ, ಔಷಧಿ, ಗೊಬ್ಬರ ಯಾವುದನ್ನೂ ಇದರಲ್ಲಿ ಹಿಡಿದಿಲ್ಲ. ಮಾರನೇ ದಿನ ಕೀಳಲೇ ಇಲ್ಲ, ಹಸು ಬಿಟ್ಟೆವು.

ಬೆಲೆ ಬಿದ್ದರೆ ಯಾರೇನು ಮಾಡೋಕಾಗುತ್ತೆ ಅಂತ ನೀವು ಕೇಳಬಹುದು. ನಿಜ. 2023ರ ಜುಲೈನಲ್ಲಿ ಇದೇ ಹದಿನೈದು ಕಿಲೋ ಬಾಕ್ಸು ಕೋಲಾರದಲ್ಲಿ ಎರಡು ಸಾವಿರ ದಾಟಿದ್ದನ್ನೂ ನೋಡಿದ್ದೇವೆ. ಬೆಲೆ ಏರಿಸುವುದು, ಇಳಿಸುವುದು ನಮ್ಮ ಸಂಘದ ಕೈಲಿಲ್ಲ. ಆದರೆ ಆ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಆ ದಿನ ನಮ್ಮೂರಿಂದ ಐದು ಗಾಡಿ ಹೋಗಿದ್ದವು, ಯಾವುದೂ ಪೂರ್ತಿ ತುಂಬಿರಲಿಲ್ಲ. ಎಲ್ಲರ ಹಣ್ಣು ಮೂರು ಗಾಡಿಯಲ್ಲಿ ಹೋಗಬಹುದಿತ್ತು. ಇನ್ನು ಕಮಿಷನ್ನು. ಎ.ಪಿ.ಎಂ.ಸಿ. ಕಾನೂನಿನ ಪ್ರಕಾರ ಕಮಿಷನ್ ಕೊಡಬೇಕಾದವರು ಕೊಳ್ಳುವವರು, ಮಾರುವ ರೈತರಲ್ಲ. ನಮಗೆ ಅದು ಗೊತ್ತಿತ್ತು. ಗೊತ್ತಿದ್ದೂ ಬಾಯಿ ತೆರೆಯಲಿಲ್ಲ. ಯಾಕೆಂದರೆ ಬೀಜಕ್ಕೂ ಔಷಧಿಗೂ ಅವರ ಹತ್ತಿರವೇ ಮುಂಗಡ ತಂದಿದ್ದೆವು. ಅವರು ಕೊಟ್ಟ ಬಿಳಿ ಚೀಟಿಯನ್ನು ಜೇಬಿಗಿಟ್ಟುಕೊಂಡು ಬಂದೆವು. ಇಪ್ಪತ್ತೈದು ವರ್ಷದ ಹಿಂದೆ ಹಾಲಿನವರ ಮುಂದೆ ನಮ್ಮ ತಂದೆಯವರು ಹೇಗೆ ನಿಂತಿದ್ದರೋ, ಮಂಡಿಯಲ್ಲಿ ನಾವು ಹಾಗೇ ನಿಂತಿದ್ದೆವು.

2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ನೂರಕ್ಕೆ 86 ಭಾಗ ಸಣ್ಣ, ಅತಿ ಸಣ್ಣ ರೈತರವು. ಅಂದರೆ ನಮ್ಮಂಥವರೇ ಹೆಚ್ಚು. ಹೆಚ್ಚು ಇದ್ದರೂ ಹತ್ತು ಬಾಕ್ಸ್, ಐದು ಮೂಟೆ ಇಟ್ಟುಕೊಂಡು ಒಬ್ಬೊಬ್ಬರೇ ಹೋಗುವುದರಿಂದ ನಾವು ಕಡಿಮೆ ಆಗುತ್ತೇವೆ.

ತರಕಾರಿಗೆ ಸಹಕಾರ ಆಗುವುದಿಲ್ಲ, ಅದು ಕೊಳೆಯುವ ಸರಕು ಅನ್ನುವವರಿದ್ದಾರೆ. ಹಾಲು ಕೊಳೆಯುವುದಿಲ್ಲವೇ? ಅದು ತರಕಾರಿಗಿಂತ ಮೊದಲು ಒಡೆಯುತ್ತದೆ. ಬೆಂಗಳೂರಿನ ಹಾಪ್‌ಕಾಮ್ಸ್ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಶುರುವಾದದ್ದು, ಅದರ ಹಿಂದೆ ತೋಟಗಾರಿಕೆಯ ಮರೀಗೌಡರ ಶ್ರಮ ಇತ್ತು. ರೇಷ್ಮೆ ಗೂಡನ್ನೇ ನೋಡಿ. ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ಎದುರಿಗೇ ಹರಾಜು, ಎದುರಿಗೇ ತೂಕ, ಕೈಗೆ ಲೆಕ್ಕ. ವ್ಯವಸ್ಥೆ ಇದ್ದ ಕಡೆ ಸಣ್ಣವರೂ ತಲೆ ಎತ್ತಿ ಮಾರುತ್ತಾರೆ.

ಆದರೆ ಬಂಧುಗಳೇ, ವ್ಯವಸ್ಥೆ ಮಾಡುವುದು ಸುಲಭ. ಅದರಲ್ಲಿ ನಿಲ್ಲುವುದು ಕಷ್ಟ. ಇಲ್ಲಿ ಒಂದು ಮಾತು ಹೇಳಲೇಬೇಕು. ಇಷ್ಟು ವರ್ಷ ಮೈಕಿನ ಮುಂದೆ ಹೇಳಿರಲಿಲ್ಲ.

ಹಳಬರಿಗೆ ನೆನಪಿರಬಹುದು. ಒಂದು ಬೇಸಿಗೆ ಊರಿಗೆ ಖಾಸಗಿಯವರ ಹಾಲಿನ ವ್ಯಾನು ಬಂತು. ಲೀಟರಿಗೆ ಎರಡು ರೂಪಾಯಿ ಜಾಸ್ತಿ, ಪರೀಕ್ಷೆಯ ಕಿರಿಕಿರಿ ಇಲ್ಲ, ಮನೆ ಬಾಗಿಲಿಗೇ ಬರುತ್ತಾರೆ. ಸದಸ್ಯರಲ್ಲಿ ತುಂಬಾ ಜನ ಆ ಕಡೆ ಹೋದರು. ನಮ್ಮ ಮನೆಯ ಹಾಲೂ ಹೋಯಿತು. ತಂದೆಯವರು ಬೇಡ ಅಂದರು. ನಾವೇ ಹಟ ಮಾಡಿದೆವು, ಎರಡು ರೂಪಾಯಿ ಯಾರು ಕೊಡ್ತಾರೆ ಅಂತ. ಮಳೆ ಬಂತು, ಹಸಿರು ಮೇವಾಯಿತು, ಎಲ್ಲೆಲ್ಲೂ ಹಾಲು ಹೆಚ್ಚಿತು. ಒಂದು ದಿನ ವ್ಯಾನು ಬರಲಿಲ್ಲ. ಮಾರನೇ ದಿನವೂ ಇಲ್ಲ. ಮೂರು ವಾರದ ದುಡ್ಡು ಇವತ್ತಿಗೂ ಬಂದಿಲ್ಲ.

ಹೋದ ದುಡ್ಡಿಗಿಂತ ನಮ್ಮನ್ನು ಕಾಡಿದ್ದು ಬೇರೆ. ಆ ಮೂರು ನಾಲ್ಕು ತಿಂಗಳು ಡೇರಿಗೆ ಹಾಲು ಕಡಿಮೆಯಾಗಿ, ಖರ್ಚು ಮಾತ್ರ ಅಷ್ಟೇ ಇದ್ದು, ಆ ವರ್ಷ ಬೋನಸ್ಸು ಕೊಡಲು ಆಗಲಿಲ್ಲ. ಸಂಘ ಬಿಡದೆ ನಿಂತವರ ಬೋನಸ್ಸು ಬಿಟ್ಟು ಹೋದ ನಮ್ಮಿಂದ ಹೋಯಿತು. ಅವರಲ್ಲಿ ಒಂದೇ ಹಸು ಇಟ್ಟುಕೊಂಡ ವಿಧವೆ ತಾಯಂದಿರೂ ಇದ್ದರು.

ತಲೆ ತಗ್ಗಿಸಿಕೊಂಡು ವಾಪಸು ಬಂದಾಗ ಸಭೆಯಲ್ಲಿ ದಂಡ ಹಾಕಬೇಕು ಅಂತ ಕೆಲವರು ಕೂಗಾಡಿದರು. ಆಗ ಅಧ್ಯಕ್ಷರಾಗಿದ್ದ ಹಿರಿಯರು ಎದ್ದು ನಿಂತು, "ಹಸು ಹಗ್ಗ ಕಿತ್ಕೊಂಡು ಪಕ್ಕದ ಹೊಲಕ್ಕೆ ಹೋದ್ರೆ ಹಿಡ್ಕೊಂಡು ಬಂದು ಕಟ್ತೀವಿ, ಮಾರಿಬಿಡ್ತೀವಾ?" ಅಂದರು. ಅಷ್ಟಕ್ಕೆ ಸಭೆ ಮುಗಿಯಿತು. ಆ ಹಿರಿಯರು ಇವತ್ತು ನಮ್ಮೊಂದಿಗಿಲ್ಲ. ನಿರ್ದೇಶಕರಾಗಿ ಈ ಕುರ್ಚಿಯಲ್ಲಿ ಕೂರುವಾಗೆಲ್ಲ ಆ ಮಾತು ನೆನಪಾಗುತ್ತದೆ. ಆ ವರ್ಷ ನಿಂತಿದ್ದ ಎಲ್ಲ ಮನೆಯವರ ಮುಂದೆ ಇವತ್ತು ಕೈ ಮುಗಿದು ತಪ್ಪು ಒಪ್ಪಿಕೊಳ್ಳುತ್ತೇವೆ.

ಇದನ್ನು ಯಾಕೆ ಹೇಳಿದೆವು ಅಂದರೆ, ಟೊಮೆಟೊಗೆ ಒಟ್ಟಾದರೂ ಇದೇ ಪರೀಕ್ಷೆ ಬರುತ್ತದೆ. ಬೆಲೆ ಇದ್ದಾಗ ದಲ್ಲಾಳಿ ಹೊಲಕ್ಕೇ ಬಂದು ಎರಡು ರೂಪಾಯಿ ಜಾಸ್ತಿ ಅನ್ನುತ್ತಾನೆ. ಒಳ್ಳೇ ಹಣ್ಣು ಅವನಿಗೆ, ಪುಡಿ ಹಣ್ಣು ಒಟ್ಟಿನ ಗಾಡಿಗೆ ಅಂತ ಮಾಡಿದರೆ ಒಂದು ತಿಂಗಳು ನಡೆಯುವುದಿಲ್ಲ.

ಆದ್ದರಿಂದ ಸಣ್ಣದರಿಂದ ಶುರು ಮಾಡೋಣ. ನಮ್ಮ ಸಲಹೆ ಇವು.

ಒಂದು, ನಾಟಿ ಪುಸ್ತಕ. ಯಾರು ಎಷ್ಟು ಎಕರೆಗೆ, ಯಾವ ವಾರ, ಯಾವ ಬೆಳೆ ಇಡುತ್ತಾರೆ ಅಂತ ಡೇರಿಯಲ್ಲಿ ಬರೆಸಬೇಕು. ಒಬ್ಬರಿಗೆ ಬೆಲೆ ಬಂತು ಅಂತ ಊರೆಲ್ಲ ಒಂದೇ ವಾರ ಟೊಮೆಟೊ ನಾಟಿ ಮಾಡಿದರೆ ಬಿತ್ತುವಾಗಲೇ ಬೆಲೆ ಬಿದ್ದ ಹಾಗೆ. ಪುಸ್ತಕ ನೋಡಿದರೆ ಒಬ್ಬರು ಬೀನ್ಸು, ಒಬ್ಬರು ಕ್ಯಾರೆಟ್ಟು, ಒಬ್ಬರು ಹದಿನೈದು ದಿನ ತಡವಾಗಿ ಅಂತ ಹೊಂದಿಸಿಕೊಳ್ಳಬಹುದು.

ಎರಡು, ಒಟ್ಟಿಗೆ ಗಾಡಿ. ಊರಲ್ಲೇ ತೂಕ ಮಾಡಿ, ಹಣ್ಣು ಆರಿಸಿ, ಹೆಸರು ಬರೆದು ಕಳಿಸುವುದು. ಸರದಿಯಂತೆ ಒಬ್ಬರು ಜೊತೆಗೆ ಹೋಗಿ ಎಲ್ಲರ ಹೆಸರಿಗೂ ಸರಿಯಾದ ಬಿಲ್ಲು ತರಬೇಕು. ಬಿಳಿ ಚೀಟಿ ಬೇಡ. ಹತ್ತು ಬಾಕ್ಸಿನವರು ಬಿಲ್ಲು ಕೇಳಿದರೆ ಬೈಯ್ಯುತ್ತಾರೆ, ಮುನ್ನೂರು ಬಾಕ್ಸಿನವರು ಕೇಳಿದರೆ ಬರೆಯುತ್ತಾರೆ.

ಮೂರು, ರಾಗಿ. ಕಣದಲ್ಲೇ ಮಾರಬಾರದು. 2024-25ರಲ್ಲಿ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ ಇತ್ತು. ಆದರೆ ಫ್ರೂಟ್ಸ್ ನೋಂದಣಿ ಆಗಿಲ್ಲ, ಪಹಣಿ ತಾತನ ಹೆಸರಲ್ಲಿದೆ ಅಂತ ಖರೀದಿ ಕೇಂದ್ರದಿಂದ ವಾಪಸು ಬಂದವರನ್ನು ನೋಡಿದ್ದೇವೆ. ಸುಗ್ಗಿಗೆ ಮುಂಚೆಯೇ ಒಂದು ಭಾನುವಾರ ಎಲ್ಲರ ಕಾಗದಪತ್ರ ನೋಡಿ ಸರಿ ಮಾಡಿಸೋಣ. ಎಸ್.ಎಸ್.ಎಲ್.ಸಿ. ಓದಿದ ನಮ್ಮ ಓದು ಇದಕ್ಕಾದರೂ ಬರಲಿ. ಮದುವೆ, ಆಸ್ಪತ್ರೆ ಅಂತ ತುರ್ತು ಇದ್ದವರು ರಾಗಿಯನ್ನು ಉಗ್ರಾಣದಲ್ಲಿಟ್ಟು ರಸೀದಿಯ ಮೇಲೆ ಸಾಲ ಪಡೆಯುವುದಕ್ಕೂ ದಾರಿ ಇದೆ.

ನಾಲ್ಕು, ಕಷ್ಟನಿಧಿ. ಬೆಲೆ ಇದ್ದ ದಿನ ಬಾಕ್ಸಿಗೆ ಒಂದು ರೂಪಾಯಿ ತೆಗೆದಿಡೋಣ. ಬೆಲೆ ಬಿದ್ದ ದಿನ ಗಾಡಿ ಬಾಡಿಗೆಗಾದರೂ ಆಗುತ್ತದೆ. ಬೀಜದ ಮುಂಗಡಕ್ಕೂ ಮುಂದೆ ಇದೇ ನಿಧಿ ಬೆಳೆಯಬೇಕು. ಮುಂಗಡ ಎಲ್ಲಿ ತರುತ್ತೇವೋ ಅಲ್ಲೇ ನಮ್ಮ ಬಾಯಿ ಕಟ್ಟುತ್ತದೆ.

ಒಂದು ಎಚ್ಚರಿಕೆ. ಹಾಲಿನ ದುಡ್ಡಿಗೆ ಕೈ ಹಾಕಬಾರದು. ನಮ್ಮ ಬೈಲಾ ಇರುವುದು ಹಾಲಿಗೆ. ತರಕಾರಿ ವ್ಯವಹಾರ ಮಾಡಬೇಕಾದರೆ ಇಲಾಖೆಯವರನ್ನು ಕೇಳಿ, ಬೇರೆ ಸಂಘವೋ ರೈತ ಉತ್ಪಾದಕರ ಸಂಸ್ಥೆಯೋ ಮಾಡಿಕೊಂಡು, ಬೇರೆ ಲೆಕ್ಕ ಇಡಬೇಕು. ಅಲ್ಲಿಯ ತನಕ ನಾಟಿ ಪುಸ್ತಕಕ್ಕೂ ಒಟ್ಟಿನ ಗಾಡಿಗೂ ಯಾರ ಅಪ್ಪಣೆಯೂ ಬೇಕಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಪಕ್ಷ, ಜಾತಿ, ಪಂಚಾಯಿತಿ ಚುನಾವಣೆಯ ಸಿಟ್ಟು ಇವನ್ನೆಲ್ಲ ಡೇರಿ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಬರಬೇಕು.

ಕೊನೆಯದಾಗಿ ಒಂದು ಮಾತು. ಮೇವು ತರುವವರು, ಸಗಣಿ ಬಾಚುವವರು, ಹಾಲು ಕರೆಯುವವರು ನಮ್ಮ ಮನೆಯ ಹೆಣ್ಣುಮಕ್ಕಳು. ಪಾಸ್ ಪುಸ್ತಕದಲ್ಲಿರುವುದು ಮಾತ್ರ ಗಂಡಸರ ಹೆಸರು. ಟೊಮೆಟೊ ಕೀಳುವವರೂ ಅವರೇ. ಹೊಸ ಲೆಕ್ಕದಲ್ಲಿ ಆ ತಪ್ಪು ಮಾಡೋದು ಬೇಡ. ನಮ್ಮ ಮನೆಯಿಂದ ಮೊದಲ ಷೇರು ನಮ್ಮ ಮನೆಯವರ ಹೆಸರಿಗೇ ಅಂತ ಈ ಸಭೆಯಲ್ಲಿ ಹೇಳಿಬಿಡುತ್ತೇವೆ. ಅವರು ಅಲ್ಲೇ ಕೂತಿದ್ದಾರೆ, ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ.

ತೆನೆ ತೆನೆ ಕೂಡಿದರೆ ಬಳ್ಳ ಅನ್ನುತ್ತಾರೆ ಹಿರಿಯರು. ಮೊದಲ ದಿನ ಒಂದು ಕ್ಯಾನು ತುಂಬದೆ ಇದ್ದಾಗ ನಮ್ಮ ಹಿರಿಯರು ಮನೆಗೆ ಹೋಗಿ ಮಲಗಲಿಲ್ಲ, ಮಾರನೇ ಬೆಳಗ್ಗೆ ಮತ್ತೆ ಬಾಗಿಲು ತೆರೆದರು. ನಮ್ಮ ಮೊದಲ ಗಾಡಿ ಅರ್ಧ ತುಂಬಿ ಹೋದರೂ ಚಿಂತೆಯಿಲ್ಲ. ಬರುವ ಸೋಮವಾರದಿಂದ ನಾಟಿ ಪುಸ್ತಕ ಡೇರಿಯ ಮೇಜಿನ ಮೇಲಿರುತ್ತದೆ. ಬೆಳಗ್ಗೆ ಹಾಲು ಹಾಕಿ ಹೋಗುವಾಗ ನಿಮ್ಮ ಹೆಸರು ಬರೆಸಿ ಹೋಗಿ.



ಜೈ ಕಿಸಾನ್, ಜೈ ಸಹಕಾರ.